ಯಗಟಿಯಾಚೆಯ ಮೆಡೂಸಾ

ಗುರುವಾರ ಬೆಳಿಗ್ಗೆ ಶಿವಮೊಗ್ಗ ಬಿಟ್ಟಾಗ ಸಣ್ಣಗೆ ಹನಿಯುತ್ತಿತ್ತು. ಎಂಬತ್ತೆರಡೋ ಎಂಬತ್ತಮೂರೋ ಇರಬೇಕು, ರಾಗಿ ಕೊಯ್ಲಿನ ಕಾಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದವರು ಎರಡು ದಿನದಿಂದ ಹೇಳುತ್ತಿದ್ದರು. "ಇಂಥ ಹವೆಯಲ್ಲಿ, ಇಂಥ ಸ್ಥಿತಿಯಲ್ಲಿ ಊರು ಸುತ್ತೋಕೆ ಹೊರಟಿದ್ದಾಳೆ" ಎಂದು ನಮ್ಮತ್ತೆ ನನಗೆ ಹೇಳುವ ಮಾತನ್ನು ಅಡುಗೆಮನೆಯ ಗೋಡೆಗೆ ಹೇಳಿದರು. ಇಂಥ ಸ್ಥಿತಿ ಎಂದರೆ ನನಗೆ ಆಗ ಆರು ತಿಂಗಳು ತುಂಬಿತ್ತು. ವಯಸ್ಸು ಮೂವತ್ತಾರು. ಹಿಂದೆ ಎರಡು ಸಲ ನಿಲ್ಲದೆ ಹೋಗಿತ್ತು. ಡಾಕ್ಟರು ಮಾತ್ರ ಹೋಗಬಹುದು, ಬಸ್ಸಿನಲ್ಲಿ ಮುಂದಿನ ಸೀಟು ಕೇಳಿ ಪಡೆಯಿರಿ ಎಂದಿದ್ದರು. ನಾನು ಹಟ ಹಿಡಿದೆ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು, ಮೂಢನಂಬಿಕೆಯ ವಿರುದ್ಧದ ಭಾಷಣ ಸ್ಪರ್ಧೆಗೆ ವರ್ಷವರ್ಷವೂ ತೀರ್ಪುಗಾರ್ತಿಯಾಗಿ ಕೂರುವವಳು, ಅತ್ತೆಯ ಮಾತಿಗೆ ಮಣಿದರೆ ಹೇಗೆ?

ಹೊರಡಲು ಕಾರಣ ಒಂದು ಇನ್‌ಲ್ಯಾಂಡ್ ಪತ್ರ. ಬರೆದವಳು ಹೇಮಾವತಿ. ಐದಾರು ವರ್ಷದ ಹಿಂದೆ ನನ್ನ ಬಿ.ಎ. ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಅಜ್ಜಂಪುರದ ಹುಡುಗಿ. ಅವಳನ್ನು ಮರೆಯುವುದು ಕಷ್ಟ. ಕಪ್ಪು ಮುಖದಲ್ಲಿ ಜೇನಿನ ಬಣ್ಣದ ಕಣ್ಣು. ಬೆಕ್ಕಿನ ಕಣ್ಣು ಎಂದು ಉಳಿದ ಹುಡುಗಿಯರು ರೇಗಿಸುತ್ತಿದ್ದರು. ಎರಡನೆಯ ವರ್ಷದಲ್ಲೇ ಮದುವೆಯಾಗಿ ಓದು ಬಿಟ್ಟಿದ್ದಳು. ಪತ್ರ ಚಿಕ್ಕದು. "ನಮ್ಮ ಹಳ್ಳಿಗೆ ಬಾಲವಾಡಿ ಮಂಜೂರಾಗಿದೆ. ಇಲ್ಲಿ ಹತ್ತನೆಯ ತರಗತಿ ದಾಟಿದ ಹೆಂಗಸು ನಾನೊಬ್ಬಳೇ, ಅದಕ್ಕೆ ಕೆಲಸ ನನಗೇ ಕೊಟ್ಟಿದ್ದಾರೆ. ಆದರೆ ನನ್ನ ಕಣ್ಣಿಗೆ ಹೆದರಿ ಯಾರೂ ಮಕ್ಕಳನ್ನು ಕಳಿಸುವುದಿಲ್ಲ. ಬರುವ ಸೋಮವಾರ ಸೂಪರ್‌ವೈಸರ್ ಬರುತ್ತಾರೆ. ಕೋಣೆ ಖಾಲಿ ಇದ್ದರೆ ಬಾಲವಾಡಿ ಬೇರೆ ಊರಿಗೆ ಹೋಗುತ್ತದೆ. ನಿಮ್ಮಂಥವರು ಒಂದು ದಿನ ಬಂದು ನನ್ನ ಮನೆಯಲ್ಲಿ ಊಟ ಮಾಡಿ, ನನ್ನ ಪಕ್ಕ ಕೂತರೆ ಜನ ನೋಡುತ್ತಾರೆ. ದಾರಿ ನಮ್ಮಮ್ಮ ಹೇಳುತ್ತಾಳೆ. ಮೆಡೂಸಾ ಪಾಠ ನೆನಪಿದೆಯೇ ಮೇಡಂ?"

ನೆನಪಿತ್ತು. ರೈಲು ಭದ್ರಾವತಿ ದಾಟುವಾಗ ಅದನ್ನೇ ಯೋಚಿಸುತ್ತಿದ್ದೆ. ಮೆಡೂಸಾ ಗ್ರೀಕರ ಪುರಾಣದ ರಾಕ್ಷಸಿ. ತಲೆಯಲ್ಲಿ ಕೂದಲಿನ ಬದಲು ಹಾವು. ಅವಳ ಕಣ್ಣನ್ನು ನೋಡಿದವರು ಕಲ್ಲಾಗುತ್ತಾರೆ. ಒಬ್ಬ ವೀರ ಅವಳ ಮುಖವನ್ನು ನೇರವಾಗಿ ನೋಡದೆ, ಗುರಾಣಿಯ ಹೊಳಪಿನಲ್ಲಿ ಬಿಂಬ ನೋಡುತ್ತ ಹತ್ತಿರ ಹೋಗಿ ತಲೆ ಕಡಿಯುತ್ತಾನೆ. ಯಾವುದೋ ಪದ್ಯದ ಒಂದು ಸಾಲಿಗೆ ಟಿಪ್ಪಣಿಯಾಗಿ ಇಷ್ಟನ್ನು ನಾನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ್ದೆ. ಮಾರನೆಯ ದಿನ ಹೇಮಾವತಿ ಎದ್ದು ನಿಂತಳು. ಲೈಬ್ರರಿಯಲ್ಲಿ ದಪ್ಪ ಪುಸ್ತಕ ತೆಗೆಸಿ ಓದಿಬಂದಿದ್ದಳು. "ಮೆಡೂಸಾ ಮೊದಲು ರಾಕ್ಷಸಿ ಅಲ್ಲ ಮೇಡಂ, ಚೆಂದದ ಹುಡುಗಿ. ದೇವಿಯ ಗುಡಿಯೊಳಗೇ ಸಮುದ್ರದ ದೇವರು ಅವಳನ್ನ ಕೆಡಿಸಿದ. ದೇವಿ ಅವನಿಗೇನೂ ಮಾಡಲಿಲ್ಲ, ಇವಳ ತಲೆಗೆ ಹಾವು ಹಚ್ಚಿದಳು. ಇದು ಸರೀನಾ?" ತರಗತಿ ನಕ್ಕಿತು. ನಾನು, "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದೆ. ಅವಳು ಕೂರದೆ, "ಇನ್ನೊಂದು ಇದೆ ಮೇಡಂ" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ಇನ್ನೊಂದು ಏನೆಂದು ನಾನು ಯಾವತ್ತೂ ಕೇಳಲಿಲ್ಲ.

ತರೀಕೆರೆಯಲ್ಲಿ ಇಳಿದಾಗ ಹತ್ತೂವರೆ. ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಜಟಕಾದಲ್ಲಿ ಹೋದೆ. ಒದ್ದೆ ಗೋಣಿಯಲ್ಲಿ ಅಡಿಕೆ, ಲಾರಿಯ ಮೇಲೆ ತೆಂಗಿನಕಾಯಿ, ಎಲ್ಲದರ ಮೇಲೂ ಕೆಸರಿನ ರಂಗೋಲಿ. ಹೋಟೆಲಿನಲ್ಲಿ ಇಡ್ಲಿ ಆರಿತ್ತು, ಕಾಫಿ ಮಾತ್ರ ಚೆನ್ನಾಗಿತ್ತು. ಅಜ್ಜಂಪುರದ ಬಸ್ಸಿಗೆ ಒಂದು ಗಂಟೆ ಕಾದೆ. ಪಕ್ಕದಲ್ಲಿ ಮೆಣಸಿನಕಾಯಿಯ ಗಂಟು ಇಟ್ಟುಕೊಂಡಿದ್ದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೇಳದೆಯೇ ನನ್ನ ಸೆರಗನ್ನು ಎಳೆದು ಹೊಟ್ಟೆಯ ಮೇಲೆ ಹೊದಿಸಿದಳು. "ಮುಚ್ಕಳವ್ವ. ಬಸ್ ಸ್ಟ್ಯಾಂಡು, ಎಂತೆಂತಾ ಕಣ್ಣು ಓಡಾಡ್ತವೋ." ನಾನು ನಕ್ಕೆ. ಸೆರಗನ್ನು ಮಾತ್ರ ಹಾಗೇ ಬಿಟ್ಟೆ. ಚಳಿಯೂ ಇತ್ತು.

ಅಜ್ಜಂಪುರದ ದಾರಿಯಲ್ಲಿ ಗುಡ್ಡ ಹಿಂದಕ್ಕೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಹುಲ್ಲುಗಾವಲಿನಲ್ಲಿ ಉದ್ದ ಕೊಂಬಿನ ಅಮೃತಮಹಲ್ ದನಗಳು ಮಳೆಗೆ ಬೆನ್ನುಕೊಟ್ಟು ನಿಂತಿದ್ದವು. ಕಂಡಕ್ಟರು ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಲು ಇಬ್ಬರು ಗಂಡಸರನ್ನು ಎಬ್ಬಿಸಿದ. ಅವರು ಗೊಣಗದೆ ಎದ್ದರು. ಬಸುರಿಗೆ ಈ ಸೀಮೆಯಲ್ಲಿ ಸಿಗುವ ಮರ್ಯಾದೆ ದೊಡ್ಡದು. ಮೂರು ದಿನವೂ ಅದನ್ನು ಅನುಭವಿಸಿದೆ. ಆ ಮರ್ಯಾದೆ ಯಾವ ಹೆದರಿಕೆಯಿಂದ ಹುಟ್ಟುತ್ತದೆ ಎಂದು ಮಾತ್ರ ಆಗ ಯೋಚಿಸಲಿಲ್ಲ.

ಹೇಮಾವತಿಯ ತಾಯಿ ಸಿದ್ದಮ್ಮನ ಮನೆ ಹಿಟ್ಟಿನ ಗಿರಣಿಯ ಹಿಂದಿನ ಸಾಲಿನಲ್ಲಿತ್ತು. ಗಿರಣಿಯ ಧೂಳು ಆಕೆಯ ಹುಬ್ಬಿನ ಮೇಲೂ ಕೂತಿತ್ತು. ಊಟಕ್ಕೆ ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳು ಸಾರು. ಬಡಿಸುತ್ತ ಆಕೆ ಮಗಳ ವಿಷಯ ಎತ್ತಲಿಲ್ಲ. ನಾನೇ ಕೇಳಿದೆ.

"ಏನ್ ಹೇಳಲವ್ವ? ಹುಟ್ಟಾಗ್ಲೇ ಆ ಕಣ್ಣು. ಅವಳಪ್ಪ ನೋಡಿ ನಗಾಡಿದ್ರು, ದೊರೆಸಾನಿ ಹುಟ್ಟವ್ಳೆ ಅಂತ. ಈಗ ಆ ಊರೋರು ಅವಳನ್ನ ನೋಡುದ್ರೆ ಬಾಗ್ಲು ಹಾಕ್ಕತಾರೆ. ಅಳಿಯ ದಾವಣಗೆರೆ ಮಿಲ್ಲಿಗೆ ಹೋದೋನು ತಿರುಗಿ ಬರ್ಲಿಲ್ಲ. ಇಲ್ಲಿಗೆ ಬಾ ಅಂದ್ರೆ ಅವಳೇ ಬರಲ್ಲ. ನಾನ್ಯಾಕೆ ಬಿಟ್ಟು ಬರಲಿ, ನಾನೇನು ತಪ್ಪು ಮಾಡಿದೀನಿ ಅಂತಾಳೆ."

ಹೊರಡುವಾಗ ಸಿದ್ದಮ್ಮ ಟ್ರಂಕಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಒಂದು ವಸ್ತು ತಂದು ನನ್ನ ಕೈಗಿಟ್ಟಳು. ಬಿಚ್ಚಿದೆ. ಕಪ್ಪು ಕೂಲಿಂಗ್ ಗ್ಲಾಸು, ತರೀಕೆರೆಯ ಬಸ್ ಸ್ಟ್ಯಾಂಡಿನಲ್ಲಿ ತಗಡಿನ ಮೇಲೆ ಸಿಕ್ಕಿಸಿ ಮಾರುವಂಥದ್ದು. "ಅವಳು ನನ್ನ ಮಾತು ಕೇಳಲ್ಲ. ನೀವು ಓದ್ಸಿದೋರು, ನೀವೇಳುದ್ರೆ ಕೇಳ್ತಾಳೆ. ಇದನ್ನ ಹಾಕ್ಕಂಡು ಓಡಾಡು ಅನ್ನಿ. ಕಣ್ಣು ಕಾಣದಿದ್ರೆ ಜನ ಸುಮ್ನಾಯ್ತಾರೆ." ತಾಯಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆದಿರಲಿಲ್ಲ. ನನಗೆ ಸಿಟ್ಟು ಬಂತು, ಆಮೇಲೆ ಸಂಕಟವಾಯಿತು. ಅದನ್ನು ಬ್ಯಾಗಿನ ತಳದಲ್ಲಿ ಹಾಕಿಕೊಂಡೆ.

ಆ ಸಂಜೆ ಬೀರೂರಿನ ಮೇಲೆ ಕಡೂರಿಗೆ ಹೋಗಿ ನಮ್ಮ ಯಜಮಾನರ ಚಿಕ್ಕಪ್ಪನ ಮನೆಯಲ್ಲಿ ಉಳಿದೆ. ಶುಕ್ರವಾರ, ಹೇಮಾವತಿಗೆ ಮೊದಲೇ ಬರೆದಿದ್ದಂತೆ, ಹನ್ನೊಂದರ ಬಸ್ಸಿಗೆ ಯಗಟಿಗೆ ಹೊರಟೆ. ಹನ್ನೆರಡು ಹದಿಮೂರು ಮೈಲಿ ಇದ್ದೀತು, ಮುಕ್ಕಾಲು ಗಂಟೆಯ ಮೇಲೆಯೇ ಹಿಡಿಯಿತು. ಕೊಯ್ದು ಹಾಸಿದ ರಾಗಿ ಹೊಲದಲ್ಲೇ ನೆನೆಯುತ್ತಿತ್ತು. ಇನ್ನೆರಡು ದಿನ ಹೀಗೇ ಇದ್ದರೆ ತೆನೆಯಲ್ಲೇ ಮೊಳಕೆ ಎಂದು ಬಸ್ಸಿನಲ್ಲಿದ್ದವರು ಮಾತಾಡಿಕೊಳ್ಳುತ್ತಿದ್ದರು. ಎರಡು ಕಡೆ ಕುರಿಮಂದೆ ರಸ್ತೆಗೆ ಅಡ್ಡ ನಿಂತು ಬಸ್ಸನ್ನು ತಡೆಯಿತು. ಒದ್ದೆ ಕುರಿಯ ವಾಸನೆ ಕಿಟಕಿಯಿಂದ ಒಳಗೆ ಬಂತು, ಕರ್ಚೀಫು ಮೂಗಿಗೆ ಒತ್ತಿ ಕೂತೆ.

ಯಗಟಿಯ ಸ್ಟಾಪಿನಲ್ಲಿ ಹೇಮಾವತಿ ಒಬ್ಬಳೇ ನಿಂತಿದ್ದಳು. ಅವಳ ಸುತ್ತ ಎಂಟು ಹತ್ತು ಅಡಿ ಯಾರೂ ಇರಲಿಲ್ಲ. ಉಳಿದವರೆಲ್ಲ ಬೀಡಿ ಅಂಗಡಿಯ ಕೆಳಗೆ ಒತ್ತಿಕೊಂಡಿದ್ದರು. ತೆಳ್ಳಗಾಗಿದ್ದಳು. ಕಣ್ಣು ಹಾಗೇ ಇತ್ತು, ಮೋಡದ ಬೆಳಕಿನಲ್ಲಿ ಇನ್ನೂ ತಿಳಿಯಾಗಿ ಕಂಡಿತು. ನನ್ನನ್ನು ನೋಡಿ ನಗುತ್ತ ಎರಡು ಹೆಜ್ಜೆ ಬಂದವಳು ನನ್ನ ಹೊಟ್ಟೆ ನೋಡಿ ಅಲ್ಲೇ ನಿಂತುಬಿಟ್ಟಳು.

"ನನಗೆ ಗೊತ್ತಿದ್ರೆ ಕರೀತಾನೇ ಇರಲಿಲ್ಲ ಮೇಡಂ. ವಾಪಸ್ ಹೋಗಿ. ಇದೇ ಬಸ್ಸು ಹೋಗುತ್ತೆ."

"ಯಾಕೆ? ಬಸುರಿಯೇ ನಿನ್ನ ಮನೇಲಿ ಉಂಡು ಮಲಗಿ ನೆಟ್ಟಗೆ ಎದ್ದು ಹೋದ್ರೆ ಇನ್ಯಾವ ಸಾಕ್ಷಿ ಬೇಕು ಇವರಿಗೆ?" ಎಂದೆ. ಬೀಡಿ ಅಂಗಡಿಯವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಆ ಕ್ಷಣ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಲ್ಲಿಂದ ಒಂದೂವರೆ ಮೈಲಿ ನಡೆದು ಅವಳ ಹಳ್ಳಿ. ಹೆಸರು ಬರೆಯುವುದಿಲ್ಲ, ಅಲ್ಲಿಯ ಜನ ಇನ್ನೂ ಇದ್ದಾರೆ. ಐವತ್ತು ಅರವತ್ತು ಮನೆ. ಹೆಚ್ಚಿನವರು ಕುರಿ ಸಾಕಿ ಕಂಬಳಿ ನೇಯುವವರು. ಹೇಮಾವತಿಯ ಮನೆ ಕೊನೆಯ ಕೇರಿಯಲ್ಲಿತ್ತು. ಆ ಕೇರಿಗೆ ತಿರುಗಿದ ಕೂಡಲೇ ನನಗೆ ಕಂಡದ್ದು ಗಡಿಗೆಗಳು. ಮಸಿ ಬಳಿದ ಹಳೆಯ ಗಡಿಗೆಯ ಮೇಲೆ ಸುಣ್ಣದಲ್ಲಿ ರಾಕ್ಷಸನ ಮುಖ ಬರೆದು ಹೊಸ ಮನೆಗೋ ಹೊಲಕ್ಕೋ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಇಲ್ಲಿ ಅವಳ ಮನೆಗೆ ಎದುರಾದ ಏಳೂ ಮನೆಯ ಸೂರಿನಲ್ಲಿ ಅವು ನೇತಾಡುತ್ತಿದ್ದವು, ಎಲ್ಲವೂ ಅವಳ ಬಾಗಿಲಿಗೆ ಮುಖ ಮಾಡಿ.

"ಚೆನ್ನಾಗಿ ನೋಡಿ ಮೇಡಂ, ಏನಿಲ್ಲ ಹೇಳಿ ಅದರಲ್ಲಿ" ಎಂದಳು.

ನೋಡಿದೆ. ಮೀಸೆ ಇರಲಿಲ್ಲ. ಮೀಸೆಯ ಬದಲು ಎರಡೂ ಕಡೆ ಬಿಚ್ಚಿಹೋದ ಕೂದಲನ್ನು ಸುಣ್ಣದ ಗೆರೆಯಲ್ಲಿ ಎಳೆದಿದ್ದರು. ಕಣ್ಣಿನ ಬೊಟ್ಟಿಗೆ ಅರಿಶಿನ ಹಚ್ಚಿದ್ದರು.

"ಮೊದಲು ಮೀಸೆ ಬರೀತಿದ್ರು. ಈಗ ನನ್ನ ಮುಖ ಬರೀತಾರೆ. ನನ್ನ ಕಣ್ಣು ತಡೆಯೋಕೆ ನನ್ನ ಕಣ್ಣೇ ಬೇಕು ಇವರಿಗೆ."

ಗ್ರೀಕರೂ ಮೆಡೂಸಾಳ ತಲೆ ಕಡಿದ ಮೇಲೆ ಅದೇ ಮುಖವನ್ನು ಗುರಾಣಿಯ ಮೇಲೆ, ಮನೆಬಾಗಿಲ ಮೇಲೆ ರಕ್ಷೆಗೆಂದು ಕೆತ್ತುತ್ತಿದ್ದರು. ಅದು ನನಗೆ ಗೊತ್ತಿತ್ತು. ಓದಿದ್ದೆ. ಆದರೆ ಅದು ಹೇಗೆ ಆಗುತ್ತದೆ ಎಂದು ಆ ಕೇರಿಯಲ್ಲಿ ಮೊದಲ ಸಲ ಕಂಡೆ.

ಮಧ್ಯಾಹ್ನದ ಮುದ್ದೆ ಉಂಡ ಮೇಲೆ ತಾಯಿ ಕೊಟ್ಟದ್ದನ್ನು ಕೈಗಿತ್ತೆ. ಕೂಲಿಂಗ್ ಗ್ಲಾಸು ನೋಡಿ ಹೇಮಾವತಿ ಜೋರಾಗಿ ನಕ್ಕಳು. ನಗು ಬೇಗ ಮುಗಿಯಿತು. "ಇದನ್ನ ಹಾಕ್ಕೊಂಡ್ರೆ ನಾನು ಒಪ್ಕೊಂಡ ಹಾಗೆ" ಎಂದು ಗೂಡಿನಲ್ಲಿಟ್ಟಳು. ಆಮೇಲೆ ಕಂಬಳಿ ಹಾಸಿ ಕೂತು, ನಾನು ಕೇಳುವ ಮೊದಲೇ ಹೇಳತೊಡಗಿದಳು.

ಮದುವೆಯಾದ ಎರಡನೆಯ ವರ್ಷ. ಊರಿನ ಗುಡಿಗೆ ಶುಕ್ರವಾರ ದೀಪದ ಎಣ್ಣೆ ಕೊಡುವ ಸರದಿ ಇವರ ಮನೆಯದು. ಗುಡಿಯ ಕೀಲಿ ಊರಿನ ಹಿರಿಯನೊಬ್ಬನ ಕೈಯಲ್ಲಿತ್ತು. ಅವನು ಬಾಗಿಲು ತೆಗೆದ, ಇವಳು ಎಣ್ಣೆ ಹಿಡಿದು ಒಳಗೆ ಹೋದಳು, ಅವನು ಒಳಗಿನಿಂದ ಅಗಳಿ ಹಾಕಿದ. ಇಷ್ಟನ್ನು ಹೇಳಿ ಅವಳು ಮುಂದಿನದನ್ನು ಬಿಟ್ಟಳು. ನಾನೂ ಕೇಳಲಿಲ್ಲ. ಪಂಚಾಯ್ತಿ ಸೇರಿತು. ಗುಡಿ ಮೈಲಿಗೆಯಾಯಿತೆಂದು ಇವಳ ಮನೆಯವರಿಗೆ ತಪ್ಪುದಂಡ ಹಾಕಿದರು. ಆ ಕಣ್ಣಲ್ಲಿ ನೋಡಿದರೆ ಯಾವ ಗಂಡಸು ತಾನೇ ನೆಟ್ಟಗಿರುತ್ತಾನೆ ಎಂದು ಹೆಂಗಸರೇ ಆಡಿಕೊಂಡರು. ಇವಳು ಅಳಲಿಲ್ಲ. ಪಂಚಾಯ್ತಿ ಕಟ್ಟೆಯೆದುರು ನಿಂತು ಅವನನ್ನೇ ನೋಡಿದಳು, ಸಭೆ ಮುಗಿಯುವವರೆಗೆ ನೋಡಿದಳು. ಹದಿನೈದು ದಿನಕ್ಕೆ ಅವನಿಗೆ ಲಕ್ವ ಹೊಡೆಯಿತು. ಬಲಗಡೆಯ ಕೈ, ಕಾಲು, ಬಾಯಿ ಸೆಟೆದುಕೊಂಡವು.

"ಕಲ್ಲಾದ ಮೇಡಂ. ಊರೋರು ಹೇಳಿದ್ದೂ ಅದೇ ಮಾತು, ನೋಡಿ ಕಲ್ಲು ಮಾಡ್ಬಿಟ್ಲು ಅಂತ. ಅವನಿಗೆ ಬೀಪಿ ಇತ್ತು, ಕಡೂರಿನ ಡಾಕ್ಟ್ರು ಮೊದಲೇ ಹೇಳಿದ್ರು. ಅದು ಯಾರಿಗೂ ಬೇಡ. ಅವನ ಕಡೆಯೋರು ನಾಲ್ಕು ಜನ ಬಂದು ನನ್ನ ಹೊಡೆದ್ರು. ನನಗೆ ಆಗ ಮೂರು ತಿಂಗಳು. ನಿಲ್ಲಲಿಲ್ಲ." ಹಾಸಿದ ಕಂಬಳಿಯ ಅಂಚು ಸರಿಪಡಿಸಿದಳು. "ಕ್ಲಾಸಲ್ಲಿ ಇನ್ನೊಂದು ಇದೆ ಅಂದಿದ್ನಲ್ಲ. ಇದೇ. ಆ ವೀರ ತಲೆ ಕಡಿದಾಗ ಮೆಡೂಸಾ ಬಸುರಿ. ಪುಸ್ತಕದಲ್ಲಿ ಒಂದೇ ಸಾಲಲ್ಲಿ ಬರೆದಿದ್ರು. ನಾನು ಅದನ್ನ ಎರಡು ಸಲ ಓದಿದ್ದೆ."

ಐದಾರು ವರ್ಷದ ಹಿಂದೆ ಆ ಮಾತನ್ನು ಕೇಳಿಸಿಕೊಳ್ಳದೆ ಪುಸ್ತಕ ಮುಚ್ಚಿ ಹೊರಟವಳು ನಾನು. "ತಪ್ಪು ನಂದು, ಹೇಮಾ" ಎಂದೆ. ನನ್ನ ಎರಡು ಬಸುರು ನಿಲ್ಲದೆ ಹೋದದ್ದನ್ನೂ ಅವಳಿಗೆ ಹೇಳಿದೆ.

"ಒಂದು ಹೇಳ್ತೀನಿ, ನೀವು ನಗಬಾರ್ದು. ದೇವಿ ಅವಳಿಗೆ ಶಾಪ ಕೊಟ್ಳು ಅಂತೀರಲ್ಲ, ಅದು ಶಾಪ ಅಲ್ಲ ಅನ್ಸುತ್ತೆ ನನಗೆ. ಇನ್ನೊಬ್ಬ ಹತ್ರ ಬರದೇ ಇರಲಿ ಅಂತ ಆ ಕಣ್ಣು ಕೊಟ್ಟಿರಬೇಕು. ನಾನು ಒಬ್ಬಳೇ ಇರೋದು, ಬಾಗಿಲಿಗೆ ಚಿಲಕ ಸರಿ ಇಲ್ಲ. ಈ ನಾಲ್ಕು ವರ್ಷದಲ್ಲಿ ಒಬ್ಬ ಗಂಡಸು ಇತ್ತ ಸುಳಿದಿಲ್ಲ. ಆದರೆ ಮಕ್ಕಳೂ ಬರಲ್ಲ ಅಂತ ಆ ದೇವಿಗೆ ಹೊಳೀಲಿಲ್ಲ ನೋಡಿ. ನನಗೆ ಸಂಬಳ ಬೇಡ ಮೇಡಂ. ಬೆಳಿಗ್ಗೆ ಹತ್ತು ಮಕ್ಕಳು ಬಂದು ನನ್ನ ಮುಖ ನೋಡಿ ಅ ಆ ಇ ಈ ಅಂದ್ರೆ ಸಾಕು."

ಶನಿವಾರ ಬೆಳಿಗ್ಗೆ ಮೋಡ ಹರಿದು ಸ್ವಲ್ಪ ಬಿಸಿಲು ಬಿತ್ತು. ನೇಯುವವರಿಗೆ ಅಷ್ಟೇ ಬೇಕಿತ್ತು. ಕಂಬಳಿಯ ಉದ್ದನೆಯ ನೂಲನ್ನು ಕೇರಿಯುದ್ದಕ್ಕೂ ಬಿಗಿದು, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸುವುದು ಅವರ ಕೆಲಸ. "ನೂಲು ಹಾಸ್ತಿದೀವಿ" ಎಂದು ಯಾರೋ ಕೂಗಿದರು. ನನ್ನೊಡನೆ ಮಾತಾಡುತ್ತಿದ್ದ ಹೇಮಾವತಿ ಮಾತು ನಿಲ್ಲಿಸದೆ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು. ಅವಳ ಕಣ್ಣು ಬಿದ್ದರೆ ನೂಲು ಹರಿಯುತ್ತದೆಯಂತೆ. "ಗಂಜಿ ಒಣಗೋ ತನಕ ಅಷ್ಟೆ" ಎಂದಳು, ಅದೊಂದು ದೊಡ್ಡ ಮಾತಲ್ಲ ಎನ್ನುವ ಹಾಗೆ. ನೂಲು ಒಣಗಿ ಎತ್ತಿದ ಮೇಲೆಯೇ ನಾವು ಬಾಲವಾಡಿಗೆ ಹೊರಟೆವು.

ಬಾಲವಾಡಿ ಎಂದರೆ ಚಾವಡಿಯ ಪಕ್ಕದ ಒಂದು ಕೋಣೆ. ಅವಳೇ ಗೋಡೆಗೆ ಸುಣ್ಣ ಬಳಿದು, ಅಕ್ಷರ ಬರೆದು, ಅಳಿಲು, ಆನೆ, ಇಲಿ ಚಿತ್ರ ಬಿಡಿಸಿದ್ದಳು. ಹತ್ತು ಪುಟ್ಟ ಚಾಪೆ ಸಾಲಾಗಿ ಹಾಸಿದ್ದವು, ಒಂದರ ಮೇಲೂ ಯಾರೂ ಕೂತ ಗುರುತಿರಲಿಲ್ಲ. ನಾನು ಬಾಗಿಲ ಎದುರಿಗೇ ಅವಳ ಪಕ್ಕ ಕೂತೆ. ಅವಳು ಹುರಿದ ಕಡಲೆಕಾಯಿ, ಬೆಲ್ಲ ತಂದಿಟ್ಟಳು. ಜನ ಕಾಣುವ ಹಾಗೆ ತಿಂದೆ.

ಸುದ್ದಿ ಹರಡಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾವಡಿಯ ಕಂಬದ ಹಿಂದೆ ನಿಂತರು. ಬಸುರಿ ಹೆಂಗಸು, ಅದೂ ಶಿವಮೊಗ್ಗದ ಲೆಕ್ಚರರು, ಹೇಮಕ್ಕನ ಕೈಯಿಂದ ತೆಗೆದುಕೊಂಡು ತಿನ್ನುತ್ತಿದ್ದಾಳೆ. ಕೊನೆಗೆ ಸಣ್ಣ ವಯಸ್ಸಿನ ಒಬ್ಬ ತಾಯಿ ಧೈರ್ಯಮಾಡಿ ಮೂರು ವರ್ಷದ ಮಗಳನ್ನು ಒಳಗೆ ಬಿಟ್ಟಳು. ಅವಳನ್ನು ನೋಡಿ ಇನ್ನೊಬ್ಬಳು ತನ್ನ ಮಗುವನ್ನು ಬಿಟ್ಟಳು. ಎರಡು ಮಕ್ಕಳು ಎರಡು ಚಾಪೆಯ ಮೇಲೆ ಕೂತವು. ಹೇಮಾವತಿ ಅಳಿಲಿನ ಚಿತ್ರ ತೋರಿಸಿ "ಇದು ಯಾರು ಹೇಳು ಪುಟ್ಟೀ?" ಎಂದು ಕೇಳಿದಳು. ಆ ಹುಡುಗಿ ಅವಳ ಕಣ್ಣನ್ನೇ ನೋಡುತ್ತ, ಚಿತ್ರ ಬಿಟ್ಟು, "ನಿನ್ ಕಣ್ಣು ಬೆಲ್ಲದಂಗೈತೆ" ಎಂದಿತು. ಕಂಬದ ಹಿಂದೆ ಯಾರೋ ನಕ್ಕರು. ಆ ಊರಿನಲ್ಲಿ ನಾನು ಕೇಳಿದ ಒಳ್ಳೆಯ ನಗು ಅದೊಂದೇ.

ಆದರೆ ನನ್ನ ಗಮನ ಆ ಹೊತ್ತಿಗೆ ಅಲ್ಲಿ ಪೂರ್ತಿ ಇರಲಿಲ್ಲ. ಬೆಳಗಿನಿಂದ ಮಗು ಹೊಟ್ಟೆಯೊಳಗೆ ಅಲುಗಿರಲಿಲ್ಲ. ದಿನಾ ಎದ್ದ ಕೂಡಲೇ ಒದೆಯುತ್ತಿತ್ತು. ಮೊದಮೊದಲು ನಿದ್ದೆಯಿರಬೇಕು ಎಂದುಕೊಂಡೆ. ಹನ್ನೊಂದಾಯಿತು, ಹನ್ನೆರಡಾಯಿತು. ಸೆರಗಿನೊಳಗೆ ಕೈ ಇಟ್ಟು ಒತ್ತಿ ನೋಡಿದೆ. ಹಿಂದಿನ ಸಲವೂ ಹೀಗೇ, ಮೊದಲು ಅಲುಗಾಟ ನಿಂತದ್ದು. ಹೇಮಾವತಿ ಪಕ್ಕದಲ್ಲೇ ಇದ್ದಳು, ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎನ್ನುವುದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ.

ಎರಡು ಗಂಟೆಗೆ ಯಗಟಿಯಿಂದ ಬಸ್ಸು. ಹೊರಡಲು ಎದ್ದು ಚಾವಡಿಗೆ ಬಂದಾಗ ತಲೆ ಸುತ್ತಿ ಕಂಬ ಹಿಡಿದೆ. ಹೆಂಗಸರ ಗುಂಪಿನಿಂದ ಪುಟ್ಟಜ್ಜಿ ಓಡಿಬಂದಳು. ಹೇಮಾವತಿಯ ಪಕ್ಕದ ಮನೆಯ ಮುದುಕಿ, ಆ ಕೇರಿಯಲ್ಲಿ ಇವಳಿಗೆ ಬೆಂಕಿ ನೀರು ಕೊಡುತ್ತಿದ್ದವಳು ಅವಳೊಬ್ಬಳೇ. "ಏನವ್ವ, ಏನಾತು?" ಎಂದು ನನ್ನ ಕೆನ್ನೆ ಹಿಡಿದು ಕೇಳಿದಳು. "ಮಗು ಅಲುಗ್ತಿಲ್ಲ" ಎಂದೆ. ನನ್ನ ಬಾಯಿಂದ ಆ ಮಾತು ಎಲ್ಲರೆದುರು ಬಂತು.

ಪುಟ್ಟಜ್ಜಿ ಯಾರನ್ನೂ ದೂರಲಿಲ್ಲ. ತನ್ನ ಮೊಮ್ಮಗಳಿಗೆ ಮಾಡುವಂತೆ ಮಾಡಲು ಹೊರಟಳು, ಅಷ್ಟೆ. ಯಾರೋ ಉಪ್ಪು, ಒಣಮೆಣಸಿನಕಾಯಿ, ನಾಲ್ಕು ಪೊರಕೆ ಕಡ್ಡಿ ತಂದುಕೊಟ್ಟರು. ಇನ್ನೊಬ್ಬಳು ಹಂಚಿನಲ್ಲಿ ಕೆಂಡ ತಂದಳು. ಬೇಡ ಎನ್ನಲು ನನಗೆ ಬೇಕಾದಷ್ಟು ಸಮಯವಿತ್ತು. "ಇವೆಲ್ಲ ನಾನು ನಂಬಲ್ಲ ಅಜ್ಜಿ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎಷ್ಟೋ ವೇದಿಕೆಯ ಮೇಲೆ ಆಡಿದ ಮಾತು.

"ಕಣ್ಣು ಮುಚ್ಕವ್ವ" ಎಂದಳು ಪುಟ್ಟಜ್ಜಿ.

ಮುಚ್ಚಿಕೊಂಡೆ.

ತಲೆಯಿಂದ ಕಾಲಿನವರೆಗೆ ಮೂರು ಸಲ ನೀವಾಳಿಸಿದಳು. ಹೋದೋರ ಕಣ್ಣು, ಬಂದೋರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಂದು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಉಪ್ಪು ಚಟಪಟ ಸಿಡಿಯಿತು. ಮೆಣಸಿನಕಾಯಿ ಸುಟ್ಟರೆ ಘಾಟು ಬಂದು ಎಲ್ಲರೂ ಕೆಮ್ಮಬೇಕು. ಘಾಟು ಬರದಿದ್ದರೆ ತಗುಲಿದ ದೃಷ್ಟಿ ದೊಡ್ಡದೆಂದು ಅರ್ಥ. ನಾನು ಉಸಿರು ಬಿಗಿಹಿಡಿದು ಕಾದೆ. ಯಾರೂ ಕೆಮ್ಮಲಿಲ್ಲ.

"ಅಯ್ಯೋ ಶಿವನೇ, ಘಾಟೇ ಇಲ್ವಲ್ಲ!" ಎಂದಿತು ಒಂದು ಧ್ವನಿ.

ಕಣ್ಣು ಬಿಟ್ಟೆ. ಹೊಗೆ ಇತ್ತು. ಚಾವಡಿಯ ಹಿಂದಿನಿಂದ ಗಾಳಿ ಬೀಸುತ್ತಿತ್ತು, ಹೊಗೆಯನ್ನು ನೆಟ್ಟಗೆ ಹೊಲದ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು. ನನಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಗಾಳಿ ಆ ಕಡೆಗಿದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾನು ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದೆ. ಆ ಸಣ್ಣ ವಯಸ್ಸಿನ ತಾಯಿ ಕೋಣೆಗೆ ನುಗ್ಗಿ ಮಗಳನ್ನು ಬಾಚಿಕೊಂಡು ಹೊರಗೆ ಓಡಿದಳು. ಎರಡನೆಯವಳೂ ತನ್ನ ಮಗುವನ್ನು ಎಳೆದುಕೊಂಡು ಹೋದಳು. ಚಾಪೆಗಳು ಮತ್ತೆ ಖಾಲಿಯಾದವು. ಹೇಮಾವತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ.

ಅವಳು ಮನೆಗೆ ಹೋಗಿ ನನ್ನ ಬ್ಯಾಗು ಎತ್ತಿಕೊಂಡು ಬಂದಳು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು.

ಯಗಟಿಯವರೆಗೆ ಇಬ್ಬರೂ ನಿಧಾನವಾಗಿ ನಡೆದೆವು. ನನಗೆ ಆಯಾಸವಾಗದಿರಲೆಂದು ಅವಳು ಎರಡು ಕಡೆ ಕಲ್ಲಿನ ಮೇಲೆ ಕೂರಿಸಿದಳು. ಕೊನೆಗೆ ನಾನೇ ಬಾಯಿಬಿಟ್ಟೆ. "ಹೇಮಾ, ನನಗೆ ಹೆದರಿಕೆಯಾಯ್ತು."

"ಗೊತ್ತು ಮೇಡಂ. ಯಾರಿಗಾದ್ರೂ ಆಗುತ್ತೆ. ಮೊದಲೇ ಎರಡು ಸಲ ಕಳ್ಕೊಂಡಿದೀರಿ." ಸ್ವಲ್ಪ ದೂರ ನಡೆದ ಮೇಲೆ, "ಆ ವೀರನಿಗೂ ಹೆದರಿಕೇನೇ ಇತ್ತು. ಅದಕ್ಕೇ ಮುಖ ನೋಡಲಿಲ್ಲ" ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

"ಸೋಮವಾರಕ್ಕೆ ಏನು ಮಾಡ್ತೀಯ?"

"ಕೋಣೆ ಗುಡಿಸಿ ಕೂತಿರ್ತೀನಿ. ಬಾಲವಾಡಿ ಪಂಚನಹಳ್ಳಿ ಕಡೆಗೆ ಹೋಗುತ್ತೆ." ಹಾಗೆಯೇ ಆಯಿತೆಂದು ಒಂದು ತಿಂಗಳ ಮೇಲೆ ಒಂದು ಕಾರ್ಡು ಬಂತು. ಆಮೇಲೆ ನಾನು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ.

ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಮತ್ತೆ ಹನಿ ಶುರುವಾಗಿತ್ತು. ಬೀಡಿ ಅಂಗಡಿಯ ಜನ ಒಂದು ಕಡೆ, ಅವಳು ಒಂದು ಕಡೆ. ಕೈ ಬೀಸಿದೆ. ಅವಳು ಬೀಸಲಿಲ್ಲ. ಆ ಕಪ್ಪು ಗಾಜಿನ ಹಿಂದೆ ಅವಳು ನನ್ನನ್ನು ನೋಡುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ಕಡೂರು ಸ್ಟೇಷನ್ನಿನಲ್ಲಿ ಶಿವಮೊಗ್ಗದ ರೈಲಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಮಗು ಒದೆಯಿತು. ಮತ್ತೊಮ್ಮೆ ಒದೆಯಿತು, ಗಟ್ಟಿಯಾಗಿ, ಸೀರೆ ಅಲುಗುವಷ್ಟು. ಅದಕ್ಕೆ ಏನೂ ಆಗಿರಲಿಲ್ಲ. ಹೊರಗೆ ಹೋಗಿ ಯಗಟಿಗೆ ಬಸ್ಸು ಇದೆಯೇ ಎಂದು ಕೇಳಿದೆ. ಐದಕ್ಕೆ ಒಂದಿದೆ ಎಂದರು. ಬ್ಯಾಗು ಎತ್ತಿಕೊಂಡೆ. ಆ ಚಾವಡಿಯಲ್ಲಿ ನಿಂತು ಹೊಟ್ಟೆ ತೋರಿಸಿ, ನೋಡಿ, ಅಲುಗುತ್ತಿದೆ, ಎಂದು ಹೇಳಬಹುದು ಎಂದುಕೊಂಡೆ. ಪುಟ್ಟಜ್ಜಿ ದೃಷ್ಟಿ ತೆಗೆದದ್ದರಿಂದಲೇ ಅಲುಗಿತು ಎನ್ನುತ್ತಾರೆ ಎಂಬುದು ಮರುಗಳಿಗೆಗೆ ಹೊಳೆಯಿತು. ಆದರೂ ಹೋಗಬೇಕಿತ್ತು. ರೈಲು ಬರುವ ಗಂಟೆ ಹೊಡೆಯಿತು. ಬೆಂಚಿಗೆ ವಾಪಸು ಬಂದು ಕೂತೆ.

ಪಕ್ಕದಲ್ಲಿ ಕೂತಿದ್ದ ಒಬ್ಬ ತಾಯಿ ನನ್ನ ಕೈ ಹೊಟ್ಟೆಯ ಮೇಲಿದ್ದುದನ್ನು ನೋಡಿ ಎಷ್ಟು ತಿಂಗಳು ಎಂದು ಕೇಳಿದಳು. ಹೇಳಿದೆ. "ಊರೂರು ತಿರುಗ್ತಾ ಇದೀರಿ, ಮನೆಗೆ ಹೋದೋರೆ ಒಂದ್ಸಲ ದೃಷ್ಟಿ ತೆಗೆಸ್ಕಳಿ" ಎಂದಳು.

"ತೆಗೆಸಿಕೊಂಡೇ ಬಂದೆ" ಎಂದೆ.